ಇಳಿಜಾರಿನ ಬುಡದಲ್ಲಿ ಮೊಸರನ್ನ

ಬೆಳಿಗ್ಗೆ ಚಾವಣಿಯ ಹಿಮ ಧೊಪ್ಪನೆ ಅಂಗಳಕ್ಕೆ ಬಿತ್ತು. ಮಗಳ ಮನೆಯಿರುವ ಈ ಪರದೇಶದ ಊರು ಸೋಡರ್‌ಟೆಲ್ಯೆಯಲ್ಲಿ ಏಪ್ರಿಲ್ ಅಂದರೆ ಇದೇ ಗೋಳು. ಕೊಳೆ ಹಿಮ, ತೊಟ್ಟಿಕ್ಕುವ ನೀರು, ಒದ್ದೆ ಕಾಲುಚೀಲ. ಆ ಸದ್ದು ಕೇಳಿದ್ದೇ ನನಗೆ ಬೀಗಿತ್ತಿ ಸರೋಜಮ್ಮ ನೆನಪಾದರು. ಹಿಮಕ್ಕೂ ಅವರಿಗೂ ಏನು ಸಂಬಂಧ ಅನ್ನುತ್ತೀರಾ? ಕೂತುಕೊಳ್ಳಿ, ಹೇಳುತ್ತೇನೆ.

ಸರೋಜಮ್ಮ ನನ್ನ ಅಳಿಯನ ತಾಯಿ. ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ನಾನು ಕಟ್ಟಡಗಳ ಪಾಯ ತೋಡಿ ಮಣ್ಣು ಹೊತ್ತವಳು. ಮಕ್ಕಳು ಮೆಚ್ಚಿ ಮದುವೆಯಾದರು, ನಾವಿಬ್ಬರೂ ಸಹಿಸಿಕೊಂಡೆವು. ಹಿಂದೊಂದು ವರ್ಷ ಅವರು ಮೂರು ತಿಂಗಳು ಇಲ್ಲಿಗೆ ಬಂದಾಗ ಇಬ್ಬರಿಗೂ ಒಂದೇ ರೂಮು. ನಾನು ಸೊರ್ರೆಂದು ಕಾಫಿ ಹೀರಿದರೆ ಅವರ ಹುಬ್ಬು ಮೇಲೇರುತ್ತಿತ್ತು. ಅವರು ಪೇಪರು ಓದಿ ಹೇಳಿದರೆ ನನಗೆ ಆಕಳಿಕೆ. ನಿಜ ಹೇಳಲಾ? ಅಷ್ಟು ಚೆನ್ನಾಗಿ ಜಗಳವಾಡುವವರು ಆಮೇಲೆ ನನಗೆ ಸಿಗಲೇ ಇಲ್ಲ.

ಈಸ್ಟರ್ ರಜೆಗೆ ಅಳಿಯ ಎಲ್ಲರನ್ನೂ ಉತ್ತರದ ಬೆಟ್ಟಗಳಿಗೆ ಕರೆದುಕೊಂಡು ಹೋದ. ಎರಡು ದಿನ ಹಿಮದ ಮೇಲೆ ಮಳೆ. ಮೂರನೆಯ ದಿನ ಸೆಕೆ ಅನ್ನುವಂಥ ಬಿಸಿಲು. ಕಾರು ನಿಲ್ಲಿಸಿದ ಕಡೆ ಒಂದು ಬೋರ್ಡು.

"ಏನಂತಪ್ಪ ಅದು?" ಅಂದೆ.

"ಸ್ನೋ ಜಾರ್ಬಹುದು, ಸ್ಟೀಪ್ ಇರೋ ಕಡೆ ಕೆಳಗೆ ನಿಲ್ಬೇಡಿ ಅಂತ. ಅದು ಸ್ಕೀ ಮಾಡೋರಿಗೆ ಅತ್ತೆ. ನಾವ್ ಬಂದಿರೋದು ಊಟಕ್ಕಲ್ವಾ."

ಗಾಳಿ ಬೀಸದ ಜಾಗ ಹುಡುಕಿ ಹುಡುಕಿ ಸರೋಜಮ್ಮ ಚಾಪೆ ಹಾಸಿದ್ದು ಗೋಡೆಯಂಥ ಇಳಿಜಾರಿನ ಬುಡದಲ್ಲೇ. ಮಗಳು, ಅಳಿಯ, ಮೊಮ್ಮಗಳು ದೂರದ ಬಯಲಲ್ಲಿ ಆಡುತ್ತಿದ್ದರು. ಇವರು ಮೊಸರನ್ನದ ಡಬ್ಬಿ ತೆರೆದರು.

ಮೇಲಿನಿಂದ ನಿಂಬೆಹಣ್ಣಿನಷ್ಟು ಹಿಮದ ಉಂಡೆಯೊಂದು ಉರುಳಿ ಬಂತು. ಹಿಂದೆಯೇ ತೆಂಗಿನಕಾಯಿಯಷ್ಟು ಇನ್ನೊಂದು. ಪಾಯದ ಗುಂಡಿಗೆ ಇಳಿದವರಿಗೆ ಇದು ಗೊತ್ತು. ಮಳೆ ಕುಡಿದ ಮಣ್ಣು ಮೊದಲು ಸಣ್ಣ ಹೆಂಟೆ ಉದುರಿಸುತ್ತದೆ, ಆಮೇಲೆ ಇಡೀ ಬದಿಯೇ ಬರುತ್ತದೆ. ಮೇಸ್ತ್ರಿ ಕೂಗುವ ಮೊದಲೇ ನಾವು ಹೆಂಗಸರು ಬುಟ್ಟಿ ಬಿಸಾಕಿ ಮೇಲೆ ಹತ್ತಿರುತ್ತಿದ್ದೆವು.

"ಬೀಗಿತ್ತಿಯವರೇ, ಏಳಿ. ಬಯಲಿಗೆ ಹೋಗೋಣ."

"ಈಗ್ ತಾನೇ ಕಾಲು ಬೆಚ್ಚಗಾಗಿದೆ. ಸ್ನೋ ವಿಷ್ಯ ನಿಮಗೇನ್ರೀ ಗೊತ್ತು? ಎಲ್ಲದಕ್ಕೂ ಅದೇ ಮಣ್ ಹೊತ್ತ ಕಥೆ!"

ನನಗೆ ಮೈಯೆಲ್ಲ ಉರಿಯಿತು. ಕೂತೇ ಇರಲಿ ಅಂದುಕೊಂಡು ನಾನೊಬ್ಬಳೇ ಹತ್ತು ಹೆಜ್ಜೆ ನಡೆದುಬಿಟ್ಟೆ. ತಿರುಗಿ ನೋಡಿದರೆ ಮಾರಾಯಗಿತ್ತಿ ಬೆರಳು ನೆಕ್ಕುತ್ತಾ ಕೂತಿದ್ದಾರೆ. ಮೂರನೆಯ ಉಂಡೆ ಚಾಪೆಗೇ ಬಂದು ಬಡಿಯಿತು. ವಾಪಸ್ಸು ಓಡಿ, ಅವರ ಕೈಯ ಡಬ್ಬಿ ಕಿತ್ತುಕೊಂಡು ಬಯಲ ಕಡೆಗೆ ಓಟ ಕಿತ್ತೆ.

"ರೀ! ನನ್ ಡಬ್ಬಿ! ಹುಚ್ಚೇನ್ರೀ ನಿಮಗೆ?" ಅನ್ನುತ್ತಾ ಸೆರಗು ಕಟ್ಟಿ ಹಿಂದೆ ಬಂದರು.

ಬೆನ್ನ ಹಿಂದೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ತಿರುಗಿದರೆ ಚಾಪೆ ಕಾಣಲಿಲ್ಲ, ಅದರ ಮೇಲೆ ಹಿಮದ ಗುಡ್ಡೆ. ಅಳಿಯ ಬಂದು ಆ ಗುಡ್ಡೆಯನ್ನು ಕಾಲಿನಿಂದ ಒದ್ದ. ಕಾಂಕ್ರೀಟಿನ ಹಾಗೆ ಕೂತುಬಿಟ್ಟಿತ್ತು, ಅಲುಗಲಿಲ್ಲ.

ಅತ್ತೆ ಅಮ್ಮನ ಜೀವ ಉಳಿಸಿದರು ಅಂತ ಅವನು ಊರೆಲ್ಲ ಹೇಳಿಕೊಂಡು ಬಂದ. ನಾನು ಸುಮ್ಮನೆ ಹೊಗಳಿಸಿಕೊಂಡೆ. ಆ ಹತ್ತು ಹೆಜ್ಜೆಯ ವಿಷಯ ಯಾರಿಗೂ ಹೇಳಲಿಲ್ಲ.

ಈಗ ಸರೋಜಮ್ಮ ಮೈಸೂರಲ್ಲಿದ್ದಾರೆ. ಮಂಡಿ ಹೋಗಿದೆ, ವಿಮಾನ ಹತ್ತಲಾರರು. ಇವತ್ತು ಫೋನು ಮಾಡಿ ಹೇಳಿಯೇಬಿಟ್ಟೆ. "ನಿಮ್ಮನ್ನ ಅಲ್ಲೇ ಬಿಟ್ಟು ಹತ್ತು ಹೆಜ್ಜೆ ಹೋಗಿದ್ದೆ, ಬೇಕಂತ್ಲೇ."

"ಹತ್ತಲ್ಲ ಕಣ್ರೀ, ಹದಿನಾಲ್ಕು. ಎಣಿಸ್ತಾ ಕೂತಿದ್ದೆ, ಎಷ್ಟಕ್ಕೆ ತಿರುಗ್ತೀರಾ ನೋಡೋಣ ಅಂತ."

"ತಿರುಗ್ದೇ ಇದ್ದಿದ್ರೆ?"

"ತಿರುಗಿದ್ರಲ್ಲ. ಊಟ ಆಯ್ತಾ?"

ಇನ್ನೂ ಇಲ್ಲ, ಅಂದೆ. ಹಸಿವು ಮಾತ್ರ ಜೋರಾಗಿತ್ತು.