ಬೋರಲು ಹಾಕಿದ ಲೋಟ

ದೇವವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬ್ಯಾಡಗಿಯಲ್ಲಿ ಹತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿ, ಘಾಟಿಗೆ ಕೆಮ್ಮು ಹತ್ತಿದ ಮೇಲೆ ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಳು. ಡಾಕ್ಟರು ಚೀಟಿಯಲ್ಲಿ ಗೀಚುವ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ, ದನ ಕಾಯುವವರು ತಮ್ಮ ದನ ಗುರುತಿಸುವಂತೆ, ದೂರದಿಂದಲೇ ಗುರುತಿಸುತ್ತಿದ್ದಳು. ಓ.ಡಿ. ಅಂದರೆ ದಿನಕ್ಕೆ ಒಂದು ಸಲ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ. ಓದು ಬಾರದ ರೋಗಿಗಳ ಗುಳಿಗೆ ಪೊಟ್ಟಣಕ್ಕೆ ದಾರ ಕಟ್ಟಿ ಅಷ್ಟೇ ಗಂಟು ಹಾಕಿಕೊಡುತ್ತಿದ್ದಳು. ಓದು ಬಂದವರೂ ಕೊನೆಗೆ ಗಂಟನ್ನೇ ಎಣಿಸುತ್ತಿದ್ದರು. ಡಾಕ್ಟರ ಕೈಬರಹ ಹಾಗಿತ್ತು.

ಅವಳು ಹೆದರುತ್ತಿದ್ದುದು ಎನ್.ಬಿ.ಎಂ. ಎಂಬ ಮೂರು ಅಕ್ಷರಕ್ಕೆ. ಆಪರೇಷನ್ ಮುಗಿಯುವ ತನಕ ಬಾಯಿಗೆ ಹನಿ ನೀರೂ ಕೂಡದು ಎಂದು ಅದರ ಅರ್ಥ. ಆ ಅಕ್ಷರಗಳ ಫಲಕ ತೂಗಿದ ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳು ಒಂದು ಸ್ಟೀಲ್ ಲೋಟ ಬೋರಲು ಹಾಕುತ್ತಿದ್ದಳು. ನೋಡಿದವರಿಗೆ ತಿಳಿಯುತ್ತಿತ್ತು.

೨೦೦೪ರಲ್ಲಿ ಕರ್ಜಗಿಯ ಸಿದ್ದಲಿಂಗೇಶ ಹರ್ನಿಯಾ ಆಪರೇಷನ್ನಿಗೆ ಬಂದ. ಆಪರೇಷನ್ನಿನ ದಿನ ಬೆಳಿಗ್ಗೆ ಅವನ ಹಾಸಿಗೆ ಸರಿಮಾಡಲು ಹೋದ ದೇವವ್ವನಿಗೆ ಅವನ ಮೀಸೆಯಲ್ಲಿ ಬೆಳ್ಳಗೆ ಏನೋ ಮೆತ್ತಿದ್ದು ಕಂಡಿತು.

“ಏನ ತಿಂದೀಯೋ ತಮ್ಮಾ?”

ಅವನ ತಾಯಿ ನೀಲಗಂಗವ್ವ ಬಟ್ಟಲನ್ನು ಸೆರಗಿನಡಿ ಸರಿಸಿದಳು. “ತಿನ್ನಾಕ ಏನೂ ಕೊಟ್ಟಿಲ್ಲ ತಂಗಿ. ಒಂದೀಟು ಮೊಸರು-ಸಕ್ರಿ ಅಷ್ಟ. ಅದು ಊಟಲ್ಲ, ಶಕುನ. ಇಂಥಾ ಕೆಲಸಕ್ಕ ಬರೇ ಬಾಯಿಲೆ ಹೆಂಗ ಕಳಸೂದು?”

ಪರೀಕ್ಷೆಗೋ ಬೀಗರೂರಿಗೋ ಹೊರಟವರ ಅಂಗೈಗೆ ಮೊಸರು ಹಾಕದೆ ಬಿಡದ ಕೈ ಅದು. ಲೋಟ ಬೋರಲಾಗಿದ್ದು ಊಟಕ್ಕೆ, ನೀರಿಗೆ; ಶಕುನಕ್ಕೂ ಎಂದು ಅವಳಿಗೆ ಯಾರು ಹೇಳಿದ್ದರು?

ಆದರೆ ದೇವವ್ವನಿಗೆ ಗೊತ್ತಿತ್ತು: ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಅದು ಶ್ವಾಸಕ್ಕೆ ಇಳಿದರೆ ಜೀವಕ್ಕೇ ಕುತ್ತು. ಹೋದ ತಿಂಗಳು ಒಬ್ಬ ರೋಗಿ ಕದ್ದು ಚಹಾ ಕುಡಿದಾಗಲೇ ಡಾಕ್ಟರು ಅವಳಿಗೆ, “ಇನ್ನೊಮ್ಮೆ ಹಿಂಗಾದ್ರ ಸೀದಾ ಬ್ಯಾಡಗಿ ಬಸ್ ಹತ್ತು” ಎಂದಿದ್ದರು.

“ಡಾಕ್ಟರಿಗೆ ಹೇಳಬ್ಯಾಡ ತಂಗಿ, ಕೈ ಮುಗೀತೀನಿ. ತಾರೀಖು ತಪ್ಪತೈತಿ.”

“ತಾರೀಖು ನಾಳೆ ಬರತೈತ್ರಿ ಯವ್ವಾ. ಹೋದ ಮಗ ಬರೂದಿಲ್ಲ.”

ಹೇಳಿಯೇಬಿಟ್ಟಳು. ಡಾಕ್ಟರು ಕೆಂಡವಾದರು. “ನೀ ಎಲ್ಲಿ ಹೋಗಿದ್ದಿ?”

“ಆ ಕಡೀ ವಾರ್ಡಿನ್ಯಾಗಿದ್ನಿರಿ. ತಪ್ಪು ನಂದ.”

ಆಪರೇಷನ್ ಮರುದಿನಕ್ಕೆ ಹೋಯಿತು. ಅವಳಿಗೆ ಹೋಗು ಎಂದೂ ಯಾರೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಕೆಲಸ ಹೋದರೆ ಮತ್ತೆ ಆ ಮೆಣಸಿನ ಘಾಟೇ ಗತಿ ಎಂದು ದಿನವಿಡೀ ಹೆದರುತ್ತಲೇ ನೆಲ ಒರೆಸಿದಳು.

ಮರುದಿನ ಬೆಳಿಗ್ಗೆ ಬರುವಷ್ಟರಲ್ಲಿ ಸ್ಟೂಲಿನ ಮೇಲೆ ಲೋಟ ಆಗಲೇ ಬೋರಲಾಗಿತ್ತು. ಡಾಕ್ಟರೇ ಹಾಕಿ ಹೋದರು ಎಂದಳು ನರ್ಸು. ದೇವವ್ವನಿಗೆ ಹೋದ ಜೀವ ಬಂದಂತಾಯಿತು.

ಮಗನನ್ನು ಒಳಗೆ ಒಯ್ಯುವ ಹೊತ್ತಿಗೆ ನೀಲಗಂಗವ್ವ ಮತ್ತೆ ಬಟ್ಟಲು ಹಿಡಿದು ನಿಂತಿದ್ದಳು. ಕೊಡುವ ಧೈರ್ಯವಿಲ್ಲ, ಕೆಳಗಿಡಲು ಮನಸ್ಸಿಲ್ಲ.

“ತಾಯಿ ತಿಂದ್ರ ಮಗನಿಗೆ ಮುಟ್ಟತೈತ್ರಿ. ನೀವ ತಿನ್ರಿ,” ಎಂದಳು ದೇವವ್ವ.

ಮುದುಕಿ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಆಮೇಲೆ ನಿಲ್ಲಲಿಲ್ಲ, ಬಟ್ಟಲನ್ನು ಬೆರಳಿನಿಂದ ಬಳಿದು ತಿಂದಳು. “ನನ್ನ ಕೈಯಾರೆ ಮಗನ್ನ ಕೊಲ್ಲತಿದ್ನೆಲ್ಲಾ ಅಂತ, ನಿನ್ನೆಯಿಂದ ಗಂಟಲಾಗ ಒಂದು ಅಗಳೂ ಇಳಿದಿಲ್ಲ ತಂಗಿ” ಎಂದು ಅತ್ತಳು.

ದೇವವ್ವ ಬೋರಲು ಹಾಕಿದ ಲೋಟ ಮುಟ್ಟಲಿಲ್ಲ. ತಾನು ಚಹಾ ಕುಡಿಯುವ ಲೋಟ ತೊಳೆದು, ನೀರು ತುಂಬಿ ತಂದು ಮುದುಕಿಯ ಕೈಗೆ ಕೊಟ್ಟಳು.