ಕ್ಯಾಟಲಾಗಿಗೆ ಕಥೆ ಹೇಳಬಾರದು

ಕೊಯಮತ್ತೂರಿನ ನಮ್ಮ ಕಾನೂನು ಲೈಬ್ರರಿಯ ಲೈಬ್ರರಿಯನ್ ಅಣ್ಣ, ಯಾರು ಏನು ಕೇಳಿದರೂ ಮೊದಲು ಪೆನ್ನಿಗೆ ಮುಚ್ಚಳ ಹಾಕಿ ಆಮೇಲೆ ಉತ್ತರ ಕೊಡುತ್ತಾರೆ. ನಾನು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಅವರ ಕಿವಿಗೆ ಬಿದ್ದ ದಿನದಿಂದ ನಮ್ಮಿಬ್ಬರದು ಕನ್ನಡವೇ; ನನ್ನನ್ನು ಕರೆಯುವುದು ಮಾತ್ರ, ಇಲ್ಲಿನವರು ಹುಡುಗಿಯರನ್ನು ಕರೆಯುವ ಹಾಗೆ, 'ಅಮ್ಮಿಣಿ' ಎಂದು.

ಮೊನ್ನೆ ಮಧ್ಯಾಹ್ನದ ವಾದಕ್ಕೆ ನಮ್ಮ ಸೀನಿಯರ್ ವಕೀಲರಿಗೆ ಪುಸ್ತಕ ಬೇಕಿತ್ತು. ಸಿಗದಿದ್ದರೆ ಬೈಗುಳ ಜೂನಿಯರ್ ಆದ ನನಗೆ. ಪಕ್ಕದವರ ಪವರ್‌ಲೂಮಿನಿಂದ ನಮ್ಮ ಕಕ್ಷಿದಾರರ ಮನೆ ಗೋಡೆ ಅದುರುತ್ತಿದೆ ಎಂದು ಇಡೀ ದೂರನ್ನೇ ಇಂಗ್ಲಿಷಿನಲ್ಲಿ ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗಿಗೆ ಟೈಪ್ ಮಾಡಿದೆ. ಒಂದೂ ಪುಸ್ತಕ ಬರಲಿಲ್ಲ. ಸಂಕೋಚ ನುಂಗಿಕೊಂಡು ಅಣ್ಣನನ್ನು ಕೇಳಿದೆ.

ಪೆನ್ನಿಗೆ ಮುಚ್ಚಳ ಬಿತ್ತು. "ಅದರ ಹತ್ರ ಕಥೆ ಹೇಳ್ಬೇಡ ಅಮ್ಮಿಣಿ. ಈ ತೊಂದರೆಗೆ ಕಾನೂನಲ್ಲಿ ಏನು ಹೆಸರು?"

"ನ್ಯೂಸೆನ್ಸ್."

"ಅದೊಂದೇ ಹಾಕು. ಒಂದು ಒಳ್ಳೆ ಪುಸ್ತಕ ಸಿಕ್ಕಿದ್ರೆ, ಅದರ ಕೆಳಗಿರೋ ವಿಷಯದ ಹೆಸರನ್ನ ಒತ್ತು. ನೆಂಟರೆಲ್ಲ ತಾವಾಗೇ ಬರ್ತಾರೆ."

ಅದೇ ವಿಷಯದ ಪುಸ್ತಕಗಳು, ಒಂದು ಸಾಲು ನೆಂಟರೇ ಬಂದರು. ಬೇಕಾದದ್ದನ್ನು ಅಣ್ಣನೇ ತಂದು, ರಿಜಿಸ್ಟರಿನಲ್ಲಿ ಬರೆದುಕೊಂಡು ನನ್ನತ್ತ ಸರಿಸಿದರು. ಪುಸ್ತಕದಿಂದ ಕೈ ಮಾತ್ರ ತೆಗೆಯಲಿಲ್ಲ.

"ಕೇಸು ಯಾವೂರಿಂದು?"

"ಪಲ್ಲಡಂ ಅಣ್ಣ."

"ನನ್ನ ತಮ್ಮಂದೂ ಅಲ್ಲೇ ಪವರ್‌ಲೂಮ್ ಇದೆ. ಎದುರು ಪಾರ್ಟಿ ಹೆಸರು ಒಂಚೂರು ಹೇಳು ಅಮ್ಮಿಣಿ."

ನಾನು ಕೈಲಿದ್ದ ಕೇಸ್ ಫೈಲಿನ ಮೇಲಿನ ಹೆಸರಿಗೆ ಅಂಗೈ ಅಡ್ಡ ಇಟ್ಟೆ. ಉತ್ತರ ಕೊಡಬೇಕಾದವಳು ನಾನಾದರೂ, ಪೆನ್ನಿಗೆ ಮುಚ್ಚಳ ಹಾಕಿ ಕಾದವರು ಅವರು.