ಬಾಗಿಲಿಗೆ ಅಂಜುತ್ತಿದ್ದ ಕರ್ನಲ್ ಕಾಕಾ

ಮಗನ ಶಾಲೆಯ ಬೂಟಿಗೆ ಪಾಲಿಶ್ ಹಚ್ಚಲೆಂದು ಡಬ್ಬಿಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಎದೆ ಧಸಕ್ಕೆಂದಿತು. ಮಸ್ಕಿಯ ನಮ್ಮ ಓಣಿಯಲ್ಲಿ ಆ ವಾಸನೆ ಬರುತ್ತಿದ್ದದ್ದು ಒಬ್ಬರೇ ಒಬ್ಬರಿಂದ, ಎದುರು ಮನೆಯ ಕರ್ನಲ್ ಕಾಕಾನಿಂದ…

ಸಂತೆಕಲ್ಲೂರಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಲಿಂಗಸುಗೂರಿನಲ್ಲಿ ಓದಿ, ಸೈನ್ಯ ಸೇರಿ ಕರ್ನಲ್ ಆದವರು. ಅರ್ಧ ಆಯುಷ್ಯ ಹಿಮದ ಗುಡ್ಡಗಳಲ್ಲಿ ಕಳೆದು, ನಿವೃತ್ತರಾಗಿ ಬಂದ ಮೇಲೂ ಬೂಟು ತಿಕ್ಕದೆ ಹೊರಬೀಳುತ್ತಿರಲಿಲ್ಲ. ಒಮ್ಮೆ ಅವ್ವನ ಮುಂದೆ, "ಗುಂಡಿಗೆ ಅಂಜಿದವ ಅಲ್ರಿ ವೈನಿ ನಾ. ಸತ್ತ ಹುಡುಗನ ಮನಿ ಬಾಗಲಾ ಬಡಿಯೋದಕ್ಕ ಅಂಜೀನಿ" ಎಂದಿದ್ದರು. ಅಧಿಕಾರಿಯಾಗಿ ಆ ಸುದ್ದಿ ಹೊತ್ತು ಎಷ್ಟು ಮನೆಗೆ ಹೋಗಿದ್ದರೋ…

ನನ್ನ ಅಣ್ಣನೂ ಸೈನಿಕ. ಅವನನ್ನು ದಿನಾ ಮುಂಜಾನೆ ಓಡಿಸಿ, ತಯಾರು ಮಾಡಿ ಭರ್ತಿಗೆ ಕಳಿಸಿದ್ದು ಕಾಕಾನೇ. ಗಡಿಯಲ್ಲಿ ಗುಂಡಿನ ಕಾಳಗ ಶುರುವಾದಾಗ ಅವನ ಫೋನು ನಿಂತುಹೋಯಿತು. ಹಳೆಯ ಸ್ನೇಹಿತರಿಂದ ಸುದ್ದಿ ಮೊದಲು ಬರುತ್ತಿದ್ದದ್ದು ಕಾಕಾನಿಗೆ. ಹಾಗಾಗಿ ಅವರ ಬೂಟಿನ ಸದ್ದು ಕೇಳಿದರೇ ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಒಂದು ಮಧ್ಯಾಹ್ನ ಬಂದವರು ಹೊಸ್ತಿಲ ಹೊರಗೇ ನಿಂತರು. ಅವ್ವ ತಂಬಿಗೆ ನೀರು ಚಾಚಿದಳು. "ಬ್ಯಾಡ್ರಿ" ಎಂದರು. ನಮ್ಮ ಕಡೆ ಸಾವಿನ ಸುದ್ದಿ ತಂದವರು ಆ ಮನೆಯ ನೀರು ಮುಟ್ಟುವುದಿಲ್ಲ. ಅವ್ವ ಅಲ್ಲೇ ಕುಸಿದು ಎದೆ ಬಡಿದುಕೊಂಡು ಅಳತೊಡಗಿದಳು. ಕಾಕಾ ತಬ್ಬಿಬ್ಬಾದರು. ಪಾಪ, ಅವರು ಬಂದದ್ದು ಅಣ್ಣ ಕ್ಷೇಮ ಎಂದು ಹೇಳಲು. ಸಿಂಧನೂರಿನ ಬಸ್ಸಿನ ಅವಸರ ಬೇರೆ. ಸೈನ್ಯದಲ್ಲೇ ಕಾಲ ಕಳೆದ ಮನುಷ್ಯ ಊರ ರೀತಿ ಮರೆತಿದ್ದರು. "ಆರಾಮ ಅದಾನ್ರೀ ವೈನಿ, ಆರಾಮ ಅದಾನ!" ಎನ್ನುತ್ತ ಬೂಟು ಬಿಚ್ಚಿ, ಒಳಗೆ ಕೂತು, ತಂಬಿಗೆ ಖಾಲಿ ಮಾಡಿದರು. ಬಸ್ಸು ಹೋಯಿತು.

ಅಂದಿನಿಂದ ಓಣಿಯಿಂದಲೇ ಕೂಗುತ್ತಿದ್ದರು: "ವೈನಿ, ನೀರು ತರ್ರಿ!" ಆ ಕೂಗು ಕೇಳಿದ ಮೇಲೆಯೇ ನಾವು ಉಸಿರು ಬಿಡುತ್ತಿದ್ದದ್ದು.

ಒಂದು ಸಂಜೆಯೂ ಹಾಗೆಯೇ ಕೂಗಿ ಬಂದರು. ಕುಡಿದರು, ಮತ್ತೊಮ್ಮೆ ಕೇಳಿ ಕುಡಿದರು. ಗೊರೇಬಾಳದ ಭತ್ತದ ಮಾತಾಡಿದರು. ಹೋಗುವಾಗ ಬೂಟಿನ ಲೇಸು ಕಟ್ಟದೆಯೇ ನಡೆದರು, ವಯಸ್ಸಾಯಿತಲ್ಲ ಎಂದುಕೊಂಡೆ. ಅವ್ವ ಅಂದು ಹೊಟ್ಟೆ ತುಂಬ ಉಂಡು ಮಲಗಿದಳು. ಬೆಳಿಗ್ಗೆ ಸೈನ್ಯದ ಜೀಪು ಬಂತು. ಅಣ್ಣ ಹಿಂದಿನ ದಿನವೇ ತೀರಿಕೊಂಡಿದ್ದ. ಕಾಕಾನಿಗೆ ಅದು ಸಂಜೆಯೇ ಗೊತ್ತಿತ್ತು.

"ಗೊತ್ತಿದ್ದೂ ನೀರು ಕುಡದು ಹೋದ್ರಲ್ಲ, ಎಂಥಾ ಅಂಜುಬುರುಕ ಮನಷ್ಯಾ!" ಎಂದು ನಾನು ಕಿರುಚಿದೆ. ಅವ್ವ ಮಾತ್ರ, "ಬಿಡವಾ, ಅದೊಂದು ರಾತ್ರಿ ನನ್ನ ಮಗ ನನ್ನ ಪಾಲಿಗೆ ಬದುಕಿದ್ದ" ಎಂದಳು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ, ಬಹಳ ವರ್ಷ…

ಹೋದ ತಿಂಗಳು ಸಿಂಧನೂರಿನ ಆಸ್ಪತ್ರೆಯಿಂದ ಫೋನು ಬಂತು. ಕಾಕಾ ಹೋಗಿಬಿಟ್ಟಿದ್ದರು. ಅವ್ವ ಆಗಷ್ಟೇ ಊಟಕ್ಕೆ ಕೂತಿದ್ದಳು.

"ಯಾರ ಫೋನು?" ಎಂದಳು.

ಫೋನನ್ನು ಸೆರಗಿನಲ್ಲಿ ಮುಚ್ಚಿದೆ. "ಯಾರಿಲ್ಲ ಬೇ, ರಾಂಗ್ ನಂಬರ್. ನೀ ಉಣ್ಣು" ಎಂದೆ.

ಅವಳ ತಾಟು ಖಾಲಿಯಾಗುವವರೆಗೂ ಗೋಡೆ ಹಿಡಿದು ನಿಂತಿದ್ದೆ. ಎದುರು ಮನೆಗೆ ಈಗ ಬೀಗ. ಅಂಜಿಕೆ ಎಂದರೇನು ಎಂಬುದು ನನಗೂ ತಿಳಿಯಿತು ಎಂದು ಹೇಳೋಣವೆಂದರೆ, ಕಾಕಾ ಇಲ್ಲ.